9,600 ಕಿ.ಮೀ. ದೂರಕ್ಕೆ 14 ಗಂಟೆ ಯಾಕೆ? ಲಂಡನ್–ಟೋಕಿಯೋ ಹಾರಾಟದ ಲೆಕ್ಕ

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ಅಮ್ಮ ಲಂಡನ್‌ನಲ್ಲಿದ್ದೇವೆ. ಅಕ್ಕ ಟೋಕಿಯೋದಲ್ಲಿದ್ದಾಳೆ. ಜನವರಿಯಲ್ಲಿ ಅವಳ ಮನೆಗೆ ಹೋಗಿಬರಬೇಕು. ಅಮ್ಮನಿಗೆ 68 ವರ್ಷ, ತುಂಬ ಹೊತ್ತು ಕೂತರೆ ಕಾಲು ಊದಿಕೊಳ್ಳುತ್ತದೆ. ದೂರ ಲೆಕ್ಕ ಹಾಕುವ ಒಂದು ಆ್ಯಪ್‌ನಲ್ಲಿ ನೋಡಿದಾಗ 9,600 ಕಿ.ಮೀ., 10 ಗಂಟೆ 40 ನಿಮಿಷ ಅಂತ ತೋರಿಸಿತು. ‘ಹನ್ನೊಂದು ಗಂಟೆ ಅಷ್ಟೇ’ ಅಂತ ಹೇಳಿ ಅಮ್ಮನನ್ನು ಒಪ್ಪಿಸಿದೆ. ಈಗ ಟಿಕೆಟ್ ನೋಡಿದರೆ ಬೇರೆಯೇ ಇದೆ. ಹೋಗುವಾಗ ಬೆಳಿಗ್ಗೆ 11ಕ್ಕೆ ಹೊರಟು ಮರುದಿನ ಬೆಳಿಗ್ಗೆ 9:45ಕ್ಕೆ ತಲುಪುತ್ತೇವೆ. ಬರುವಾಗ ಬೆಳಿಗ್ಗೆ 9ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2:30ಕ್ಕೆ ಇಳಿಯುತ್ತೇವೆ. ಹೋಗಲು ಸುಮಾರು 23 ಗಂಟೆ, ಬರಲು ಐದೂವರೆ ಗಂಟೆಯೇ? ಭೂಮಿ ತಿರುಗುವುದರಿಂದ ಪಶ್ಚಿಮಕ್ಕೆ ಬೇಗ ತಲುಪುತ್ತಾರೆ ಎಂದು ಸ್ನೇಹಿತರೊಬ್ಬರು ಹೇಳಿದರು. ಇನ್ನೊಂದು ಕಡೆ, ದುಬೈನಲ್ಲಿ ವಿಮಾನ ಬದಲಿಸುವ ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ತುಂಬ ಕಡಿಮೆಗೆ ಆಗುತ್ತದೆ. ನಡುವೆ 1 ಗಂಟೆ 50 ನಿಮಿಷ ಸಿಗುತ್ತದೆ. ಯಾವುದನ್ನು ನಂಬಲಿ, ಯಾವುದನ್ನು ಆರಿಸಲಿ?

ಉತ್ತರ: ಅಮ್ಮನಿಗೆ ಕೊಟ್ಟ ಮಾತು ತಪ್ಪಿತಲ್ಲ ಎಂಬ ಸಂಕಟ ನಿಮ್ಮ ಪತ್ರದಲ್ಲಿ ಕಾಣುತ್ತದೆ. ತಪ್ಪು ನಿಮ್ಮದಲ್ಲ. ಆ ಆ್ಯಪ್ ಹೇಳಿದ ದೂರ ಸರಿ, ಹೇಳಿದ ಸಮಯ ಸರಿಯಲ್ಲ.

ವಿಮಾನ ಹೊರಡುವ ಮೊದಲು ಅದು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಇದಕ್ಕೆ ಫ್ಲೈಟ್ ಡಿಸ್ಪ್ಯಾಚರ್ ಎನ್ನುತ್ತಾರೆ. ಈ ಕೆಲಸದಲ್ಲಿ ಮೊದಲ ವಾರವೇ ಕಲಿಯುವ ವಿಷಯ ಒಂದಿದೆ. ಎರಡು ಊರುಗಳ ನಡುವಿನ ದೂರ ಯಾವತ್ತೂ ಬದಲಾಗುವುದಿಲ್ಲ, ಆದರೆ ಅವುಗಳ ನಡುವಿನ ದಾರಿ ದಿನಾ ಬದಲಾಗುತ್ತದೆ. ನಿಮ್ಮ ಗೊಂದಲವೆಲ್ಲ ಇಲ್ಲಿಂದಲೇ ಶುರುವಾಗಿದೆ.

ಮೊದಲು ಗಡಿಯಾರದ ವಿಷಯ ಮುಗಿಸೋಣ, ಅದು ಸುಲಭ. ಟಿಕೆಟ್‌ನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಲ್ಲಿ, ಇಳಿಯುವ ಸಮಯವನ್ನು ಇಳಿಯುವ ಊರಿನ ಗಡಿಯಾರದಲ್ಲಿ ಬರೆದಿರುತ್ತಾರೆ. ಚಳಿಗಾಲದಲ್ಲಿ ಟೋಕಿಯೋ ಲಂಡನ್‌ಗಿಂತ 9 ಗಂಟೆ ಮುಂದೆ. ನೀವು ಬೆಳಿಗ್ಗೆ 11ಕ್ಕೆ ಹೊರಟಾಗ ಟೋಕಿಯೋದಲ್ಲಿ ರಾತ್ರಿ 8. ಅಲ್ಲಿಂದ ಮರುದಿನ 9:45ರ ತನಕ ಎಣಿಸಿದರೆ 13 ಗಂಟೆ 45 ನಿಮಿಷ. ಬರುವಾಗ ಟೋಕಿಯೋದ ಬೆಳಿಗ್ಗೆ 9 ಅಂದರೆ ಲಂಡನ್‌ನಲ್ಲಿ ಇನ್ನೂ ನಡುರಾತ್ರಿ 12. ಮಧ್ಯಾಹ್ನ 2:30ಕ್ಕೆ ಇಳಿದರೆ 14 ಗಂಟೆ 30 ನಿಮಿಷ. ಹಾಗಾಗಿ 23 ಗಂಟೆಯೂ ಅಲ್ಲ, ಐದೂವರೆ ಗಂಟೆಯೂ ಅಲ್ಲ. ನೋಡಿ, ಬರುವ ಪ್ರಯಾಣವೇ ಮುಕ್ಕಾಲು ಗಂಟೆ ಜಾಸ್ತಿ. ನಿಮ್ಮ ಸ್ನೇಹಿತರು ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ. ಇನ್ನೊಂದು ಮಾತು: ಜಪಾನಿನಲ್ಲಿ ಬೇಸಿಗೆಗೆ ಗಡಿಯಾರ ಬದಲಿಸುವ ಪದ್ಧತಿ ಇಲ್ಲ, ಬ್ರಿಟನ್‌ನಲ್ಲಿ ಇದೆ. ಆದ್ದರಿಂದ ಬೇಸಿಗೆಯಲ್ಲಿ ಈ ಅಂತರ 8 ಗಂಟೆ ಆಗುತ್ತದೆ.

ಈಗ ಆ 9,600ಕ್ಕೆ ಬರೋಣ. ಒಂದು ಗ್ಲೋಬ್ ತೆಗೆದುಕೊಂಡು ಲಂಡನ್‌ನಿಂದ ಟೋಕಿಯೋಗೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಆ ದಾರದ ಉದ್ದವೇ ಗ್ರೇಟ್ ಸರ್ಕಲ್ ದೂರ, ಅಂದರೆ ದುಂಡಗಿನ ಭೂಮಿಯ ಮೇಲೆ ಎರಡು ಜಾಗಗಳ ನಡುವೆ ಸಾಧ್ಯವಿರುವ ಅತಿ ಹತ್ತಿರದ ದಾರಿ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಮಧ್ಯ ಏಷ್ಯಾದ ಮೇಲೆ ಹಾದುಹೋಗುತ್ತದೆ. ಗ್ಲೋಬ್ ಮೇಲಿನ ದಾರ ಮಾತ್ರ ಸ್ಕ್ಯಾಂಡಿನೇವಿಯಾ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಮೇಲೆ ಹೋಗಿ, ಸೈಬೀರಿಯಾದ ಮೇಲಿಂದ ಕೆಳಗಿಳಿಯುತ್ತದೆ. ಮೊದಲ ಸಲ ನೋಡಿದವರಿಗೆ ಇದು ನಂಬಿಕೆ ಬರುವುದಿಲ್ಲ. ಗ್ಲೋಬ್ ಸಿಕ್ಕಿದರೆ ಅಮ್ಮನ ಕೈಗೂ ದಾರ ಕೊಟ್ಟು ಅಳೆಸಿ.

ಆ್ಯಪ್ ಮಾಡಿದ್ದು ಇಷ್ಟೇ. ದಾರದ ಉದ್ದವನ್ನು ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿತು, 10 ಗಂಟೆ 40 ನಿಮಿಷ ಬಂತು. 900 ಅನ್ನುವ ವೇಗ ಸುಳ್ಳಲ್ಲ. ಇವತ್ತಿನ ದೊಡ್ಡ ವಿಮಾನಗಳು ಶಬ್ದದ ವೇಗದ 0.85 ಪಟ್ಟು ವೇಗದಲ್ಲಿ ಹಾರುತ್ತವೆ. 11 ಕಿ.ಮೀ. ಎತ್ತರದ ಚಳಿಯಲ್ಲಿ ಅದು ಹೆಚ್ಚುಕಡಿಮೆ ಗಂಟೆಗೆ 900 ಕಿ.ಮೀ. ಆಗುತ್ತದೆ. ಆದರೆ ಈ ಭಾಗಾಕಾರ ಮೂರು ಸಂಗತಿಗಳನ್ನು ಬಿಟ್ಟುಬಿಟ್ಟಿದೆ. ಹಾರಲು ಅನುಮತಿ ಇರುವ ಆಕಾಶ ಯಾವುದು ಎಂಬುದು ಒಂದು. ಗಾಳಿ ಇನ್ನೊಂದು. ನೆಲದ ಮೇಲೆ ಕಳೆಯುವ ಸಮಯ ಮೂರನೆಯದು.

ನಿಮ್ಮ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನುಮತಿಯ ಪ್ರಶ್ನೆ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಫೆಬ್ರವರಿ ಕೊನೆಯಲ್ಲಿ, ಬ್ರಿಟನ್ ಮತ್ತು ಯುರೋಪಿನ ಹಲವು ದೇಶಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಜಪಾನಿನ ಕಂಪನಿಗಳೂ ಆ ದಾರಿ ಬಿಟ್ಟವು. ನಿಮ್ಮ ದಾರದ ಬಹುಪಾಲು ಇರುವುದು ರಷ್ಯಾದ ಮೇಲೆಯೇ, ಅಲ್ವಾ? ಮೊದಲು 12 ಗಂಟೆಯೊಳಗೆ ಮುಗಿಯುತ್ತಿದ್ದ ಹಾರಾಟ 14 ಗಂಟೆಯ ಆಸುಪಾಸಿಗೆ ಬಂದದ್ದು ಹೀಗೆ. ಫಿನ್‌ಲ್ಯಾಂಡ್‌ನ ರಾಜಧಾನಿ ಹೆಲ್ಸಿಂಕಿಯವರಿಗೆ ಇನ್ನೂ ಜೋರು ಪೆಟ್ಟು ಬಿತ್ತು. ಅಲ್ಲಿಂದ ಟೋಕಿಯೋ 7,800 ಕಿ.ಮೀ. ಅಷ್ಟೇ. ಒಂಬತ್ತೂವರೆ ಗಂಟೆಯ ಪ್ರಯಾಣ ಸುಮಾರು 13 ಗಂಟೆಗೆ ಹೋಯಿತು.

ಈಗ ಎರಡು ಸುತ್ತುದಾರಿಗಳಿವೆ. ಒಂದು ದಕ್ಷಿಣದ್ದು: ಟರ್ಕಿ, ಕಾಸ್ಪಿಯನ್ ಸಮುದ್ರದ ಕಡೆ, ಕಝಾಕ್‌ಸ್ತಾನ, ಚೀನಾ ದಾಟಿ ಜಪಾನ್. ಇನ್ನೊಂದು ಉತ್ತರದ್ದು: ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರ ಭಾಗ, ಅಲಾಸ್ಕಾ, ಆಮೇಲೆ ಪೆಸಿಫಿಕ್. ಉತ್ತರದ ದಾರಿ ಹೊಸದೇನಲ್ಲ. ಸೋವಿಯತ್ ಆಕಾಶ ಮುಚ್ಚಿದ್ದ ಕಾಲದಲ್ಲಿ, 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೋಗೆ ಹಾರಾಟ ಶುರು ಮಾಡಿತ್ತು. ಆಗ ಹುಡುಕಿದ ದಾರಿ ಅರವತ್ತೈದು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಬಂತು. ಟೋಕಿಯೋದಿಂದ ಲಂಡನ್‌ಗೆ ಬರುವ ಕೆಲವು ವಿಮಾನಗಳು ಈ ದಾರಿ ಹಿಡಿದು ಮೊದಲು ಪೂರ್ವಕ್ಕೆ ಹೊರಡುತ್ತವೆ. ಪಶ್ಚಿಮಕ್ಕಿರುವ ಊರಿಗೆ ಪೂರ್ವಕ್ಕೆ ಹೋಗುವುದೇ ಎಂದು ಗಾಬರಿ ಬೇಡ. ಅದಕ್ಕೆ ಕಾರಣ ಗಾಳಿ.

ಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನನ್ನ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದು.

ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಇದೇ ಜೆಟ್ ಸ್ಟ್ರೀಮ್. ಧ್ರುವದ ತಣ್ಣನೆಯ ಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ಇರುವ ವ್ಯತ್ಯಾಸ ಇದನ್ನು ಹುಟ್ಟಿಸುತ್ತದೆ, ಭೂಮಿಯ ತಿರುಗಾಟ ಇದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಚಳಿಗಾಲದಲ್ಲಿ ಆ ವ್ಯತ್ಯಾಸ ಹೆಚ್ಚು, ಹಾಗಾಗಿ ಗಾಳಿಯೂ ಜೋರು. ಗಂಟೆಗೆ 200 ಕಿ.ಮೀ. ಸಾಮಾನ್ಯ, 300 ದಾಟುವುದೂ ಉಂಟು. ಜಪಾನಿನ ಮೇಲೆ ಹಾಯುವ ಹೊಳೆ ಜಗತ್ತಿನಲ್ಲೇ ಅತಿ ಬಲವಾದವುಗಳಲ್ಲಿ ಒಂದು. ಇದನ್ನು ಮೊದಲು ಸರಿಯಾಗಿ ಅಳೆದವರೂ ಜಪಾನಿನವರೇ. 1920ರ ದಶಕದಲ್ಲಿ ವಸಬುರೊ ಓಯಿಶಿ ಎಂಬ ಹವಾಮಾನ ತಜ್ಞರು ತತೆನೊ ವೀಕ್ಷಣಾಲಯದಿಂದ ಬಲೂನು ಹಾರಿಸಿ, ಅವು ಸರಿದುಹೋಗುವ ವೇಗ ಅಳೆದು ಈ ಗಾಳಿಯನ್ನು ದಾಖಲಿಸಿದರು. ಜಗತ್ತಿಗೆಲ್ಲ ಅರ್ಥವಾಗಲಿ ಎಂದು ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರೂ ಬಳಸಲಿ ಎಂದು ರೂಪಿಸಿದ ಕೃತಕ ಭಾಷೆಯಲ್ಲಿ ಬರೆದರು. ಆ ಭಾಷೆ ಓದುವವರು ಕಡಿಮೆ, ಹೊರಗಿನವರ ಗಮನಕ್ಕೆ ಅದು ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ, 1944ರಲ್ಲಿ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಿದವು. ಓಯಿಶಿಯವರ ಅಳತೆ ಹೊತ್ತಿಗೆ ಸರಿಯಾಗಿ ಯಾರಿಗೂ ತಲುಪಲಿಲ್ಲವಲ್ಲ ಎಂದು ಇವತ್ತಿಗೂ ನನಗೆ ಬೇಸರವಾಗುತ್ತದೆ.

ಈ ಹೊಳೆಯ ಜೊತೆ ಹೋದರೆ ಲಾಭ, ಎದುರು ಹೋದರೆ ನಷ್ಟ. ಆದರೆ ಎರಡೂ ಸಮ ಅಲ್ಲ. 5,400 ಕಿ.ಮೀ. ದೂರ ಅಂದುಕೊಳ್ಳಿ. ಗಾಳಿ ಇಲ್ಲದಿದ್ದರೆ ಗಂಟೆಗೆ 900ರಂತೆ 6 ಗಂಟೆ. ಬೆನ್ನ ಹಿಂದಿನಿಂದ 100 ಕಿ.ಮೀ. ಗಾಳಿ ಬಂದರೆ 5 ಗಂಟೆ 24 ನಿಮಿಷ. ಅದೇ ಗಾಳಿ ಎದುರಿಗೆ ಬಂದರೆ 6 ಗಂಟೆ 45 ನಿಮಿಷ. ಉಳಿದದ್ದು 36 ನಿಮಿಷ, ಕಳೆದದ್ದು 45. ಎದುರುಗಾಳಿಯಲ್ಲಿ ನಿಧಾನವಾಗಿ ಹೋಗುತ್ತೀರಿ, ಹಾಗಾಗಿ ಅದರೊಳಗೆ ಜಾಸ್ತಿ ಹೊತ್ತು ಇರುತ್ತೀರಿ. ನಷ್ಟ ಯಾವಾಗಲೂ ಲಾಭಕ್ಕಿಂತ ದೊಡ್ಡದಾಗುವುದು ಇದಕ್ಕೇ. ಗಾಳಿಯ ಬಲ ಎಷ್ಟಿರಬಹುದು ಎನ್ನುವುದಕ್ಕೆ ಒಂದು ಉದಾಹರಣೆ: 2020ರ ಫೆಬ್ರವರಿಯಲ್ಲಿ, ಸಿಯಾರಾ ಬಿರುಗಾಳಿಯ ಸಮಯದಲ್ಲಿ, ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ 4 ಗಂಟೆ 56 ನಿಮಿಷಕ್ಕೆ ತಲುಪಿತು. ಸಾಮಾನ್ಯವಾಗಿ ಆರೂವರೆ ಗಂಟೆಯ ಹತ್ತಿರ ಬೇಕು.

ಟೋಕಿಯೋದಿಂದ ಹೊರಟ ವಿಮಾನ ಕೆಲವೊಮ್ಮೆ ಪೂರ್ವಕ್ಕೆ ತಿರುಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ದಕ್ಷಿಣದ ದಾರಿಯಲ್ಲಿ ಪಶ್ಚಿಮಕ್ಕೆ ಬಂದರೆ ಆ ಬಲವಾದ ಹೊಳೆಯ ಎದುರು ಈಜಬೇಕು. ಪೆಸಿಫಿಕ್ ಮೇಲೆ ಹೋದರೆ ಅದೇ ಹೊಳೆ ಮುಂದಕ್ಕೆ ತಳ್ಳುತ್ತದೆ. ಕಿಲೋಮೀಟರ್ ಜಾಸ್ತಿಯಾದರೂ ಗಂಟೆ ಕಡಿಮೆ ಆಗುವ ದಿನಗಳಿವೆ. ಹೊರಡುವ ಕೆಲವು ಗಂಟೆ ಮೊದಲು ಹೊಸ ಗಾಳಿ ಮುನ್ಸೂಚನೆ ಇಟ್ಟುಕೊಂಡು ಎರಡೂ ದಾರಿಗಳ ಲೆಕ್ಕ ತೆಗೆದು, ಕಡಿಮೆ ಇಂಧನ ತಿನ್ನುವುದನ್ನು ಆರಿಸುತ್ತೇವೆ. ಜೊತೆಗೆ ದಾರಿಯುದ್ದಕ್ಕೂ, ಒಂದು ಎಂಜಿನ್ ನಿಂತರೂ ನಿಗದಿತ ನಿಮಿಷದೊಳಗೆ ತಲುಪಬಹುದಾದ ವಿಮಾನ ನಿಲ್ದಾಣ ಇರಲೇಬೇಕು. ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆ ಅಂಥ ನಿಲ್ದಾಣಗಳು ಬೆರಳೆಣಿಕೆ. ಅಲ್ಲಿನ ಹವೆ ಕೆಟ್ಟರೆ ದಾರಿಯನ್ನೇ ಬದಲಿಸಬೇಕಾಗುತ್ತದೆ.

ಸ್ನೇಹಿತರ ಮಾತಿಗೆ ಬರುತ್ತೇನೆ. ತುಂಬ ಜನ ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ತಪ್ಪೇನೂ ಇಲ್ಲ. ಲಂಡನ್ ಇರುವ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ ಸುಮಾರು 1,040 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ಅಷ್ಟೇ. ಹಾಗಲ್ಲದಿದ್ದರೆ, ನೀವು ನಿಂತಲ್ಲೇ ಅರ್ಧ ಸೆಕೆಂಡು ಮೇಲಕ್ಕೆ ನೆಗೆದರೆ 140 ಮೀಟರ್ ಆಚೆ ಬೀಳಬೇಕಿತ್ತು. ಆದರೂ ಅವರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಭೂಮಿಯ ತಿರುಗಾಟ ಪ್ರಯಾಣದ ಸಮಯವನ್ನು ಬದಲಿಸುತ್ತದೆ, ಗಾಳಿಯ ಮೂಲಕ. ಅದು ಸಹಾಯ ಮಾಡುವುದು ಪೂರ್ವಕ್ಕೆ ಹೋಗುವವರಿಗೆ.

‘ಪೈಲಟ್ ಸ್ವಲ್ಪ ಜೋರಾಗಿ ಓಡಿಸಿದರೆ ಆಯಿತಲ್ಲ’ ಎನ್ನುವವರೂ ಇದ್ದಾರೆ. ವೇಗವನ್ನು ಶಬ್ದದ ವೇಗದ 0.85 ಪಟ್ಟಿನಿಂದ 0.87 ಪಟ್ಟಿಗೆ ಏರಿಸಿದರೆ ಹತ್ತು ಗಂಟೆಯಲ್ಲಿ ಉಳಿಯುವುದು ಕಾಲು ಗಂಟೆಯೂ ಇಲ್ಲ. ಇಂಧನ ಮಾತ್ರ ಬೇಗ ಕರಗುತ್ತದೆ.

ಇನ್ನು ನೆಲದ ಮೇಲಿನ ಸಮಯ. ಟಿಕೆಟ್‌ನ 13 ಗಂಟೆ 45 ನಿಮಿಷ ಗಾಳಿಯಲ್ಲಿರುವ ಹೊತ್ತಲ್ಲ. ನಿಲ್ದಾಣದ ಗೇಟ್‌ನಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಗೇಟ್‌ನಲ್ಲಿ ನಿಲ್ಲುವ ತನಕ ಎಣಿಸುತ್ತಾರೆ. ರನ್‌ವೇ ತನಕ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟ್ ಸೇರುವುದು ಎಲ್ಲ ಸೇರಿ ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೂ ಜಾಸ್ತಿ ಆಗುತ್ತದೆ. ವೇಳಾಪಟ್ಟಿಯಲ್ಲಿ ಸ್ವಲ್ಪ ಹೆಚ್ಚುವರಿ ನಿಮಿಷಗಳನ್ನೂ ಸೇರಿಸಿರುತ್ತಾರೆ. ‘ಇಪ್ಪತ್ತು ನಿಮಿಷ ಮೊದಲೇ ಬಂದೆವು’ ಎಂಬ ಘೋಷಣೆ ಬರುವುದು ಹೀಗೆ.

ಈಗ ನಿಮ್ಮ ಆಯ್ಕೆಯ ವಿಷಯ. ದುಬೈ ಮೂಲಕ ಹೋದರೆ 5,500 ಮತ್ತು 7,900, ಒಟ್ಟು 13,400 ಕಿ.ಮೀ. ಆಗುತ್ತದೆ. ವಿಮಾನದಲ್ಲಿ ಕೂರುವುದೇ ಹತ್ತಿರ ಹತ್ತಿರ 17 ಗಂಟೆ. ಆದರೆ ನನ್ನ ಚಿಂತೆ ಈ ಗಂಟೆಗಳದ್ದಲ್ಲ, ಎರಡು ಬೇರೆ ಟಿಕೆಟ್‌ಗಳದ್ದು. ಒಂದೇ ಟಿಕೆಟ್ ಆದರೆ ಮೊದಲ ವಿಮಾನ ತಡವಾದರೂ ಮುಂದಿನದ್ದಕ್ಕೆ ಹತ್ತಿಸುವ ಹೊಣೆ ಕಂಪನಿಯದ್ದು, ಬ್ಯಾಗೂ ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಬೇರೆ ಬೇರೆ ಆದರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಅಲ್ಲಿಯದೇ ಪ್ರಯಾಣಿಕರು. ಬ್ಯಾಗ್ ಹಾಕಿದ್ದರೆ ಅಲ್ಲಿ ಇಮಿಗ್ರೇಷನ್ ದಾಟಬೇಕು, ಬ್ಯಾಗ್ ಬರುವ ತನಕ ಕಾಯಬೇಕು, ಮತ್ತೆ ಚೆಕ್-ಇನ್ ಮಾಡಬೇಕು. ನಿಮ್ಮ ಪಾಸ್‌ಪೋರ್ಟ್ ನೋಡಿ ವೀಸಾ ಕೂಡ ಬೇಕಾಗಬಹುದು. ದೂರದ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ನಿಮ್ಮ 1 ಗಂಟೆ 50 ನಿಮಿಷದಲ್ಲಿ ಕೈಗೆ ಸಿಗುವುದು 50 ನಿಮಿಷ. ಮೊದಲ ವಿಮಾನ ಅರ್ಧ ಗಂಟೆ ತಡವಾದರೂ ಎರಡನೆಯದು ಹೋಯಿತು ಅಂತಲೇ ಲೆಕ್ಕ. ಅಷ್ಟೇ ಅಲ್ಲ, ಹೋಗುವ ಭಾಗಕ್ಕೆ ಹತ್ತದಿದ್ದರೆ ಆ ಟಿಕೆಟ್‌ನ ವಾಪಸ್ ಭಾಗವನ್ನೂ ರದ್ದು ಮಾಡುವ ಕಂಪನಿಗಳು ಬಹಳ. ನಿಲ್ದಾಣದಲ್ಲಿ ಹೀಗೆ ಸಿಕ್ಕಿಬಿದ್ದು ಕಣ್ಣೀರು ಹಾಕಿದ ಕುಟುಂಬಗಳನ್ನು ನಾನು ನೋಡಿದ್ದೇನೆ. ಅಮ್ಮನ ಜೊತೆ ಇದು ಬೇಡವೇ ಬೇಡ.

ನೇರ ವಿಮಾನದ ಬೆಲೆ ಕೈಗೆಟುಕದಿದ್ದರೆ, ಒಂದೇ ಟಿಕೆಟ್‌ನಲ್ಲಿ ನಡುವೆ ಮೂರರಿಂದ ನಾಲ್ಕು ಗಂಟೆ ಸಿಗುವ ಪ್ರಯಾಣ ಹುಡುಕಿ. ಇಸ್ತಾಂಬುಲ್ ಮೂಲಕ ಹೋದರೆ ಒಟ್ಟು ದೂರ 11,500 ಕಿ.ಮೀ. ಹತ್ತಿರ, ದುಬೈಗಿಂತ ನೇರ. ಚೀನಾದ ಕಂಪನಿಗಳಿಗೆ ರಷ್ಯಾದ ಆಕಾಶ ತೆರೆದೇ ಇದೆ. ಹಾಗಾಗಿ ಲಂಡನ್–ಶಾಂಘೈ ನಡುವೆ ಅವು ಬ್ರಿಟಿಷ್ ವಿಮಾನಗಳಂತೆ ಸುತ್ತಬೇಕಿಲ್ಲ. ಆದರೂ ಶಾಂಘೈನಲ್ಲಿ ಕಾಯುವ ಹೊತ್ತು, ಅಲ್ಲಿಂದ ಟೋಕಿಯೋಗೆ ಬೇಕಾದ ಸುಮಾರು ಮೂರು ಗಂಟೆ ಸೇರಿಸಿದರೆ ನೇರ ವಿಮಾನದ 14 ಗಂಟೆಯನ್ನು ಮೀರಿಸಲು ಆಗುವುದಿಲ್ಲ.

‘ನಡುವೆ ಇಳಿದರೆ ಕಾಲಿಗೆ ವಿರಾಮ ಸಿಗುತ್ತದೆ’ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಕೂರುವ ಒಟ್ಟು ಹೊತ್ತು ಹೆಚ್ಚುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕೂತು ಪ್ರಯಾಣಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರು, ಅಂದರೆ ಸಣ್ಣ ಅಪಾಯವೇ. ಹತ್ತಿರ ಹತ್ತಿರದ ದಿನಗಳಲ್ಲಿ ಹಲವು ವಿಮಾನ ಹತ್ತಿದರೂ ಅದು ಏರುತ್ತದೆ ಎಂಬುದನ್ನೂ ಅದೇ ವರದಿ ಹೇಳಿದೆ. ಮೊದಲೇ ಕಾಲು ಊದುವವರ ಲೆಕ್ಕ ಬೇರೆ. ನಾನು ವೈದ್ಯೆ ಅಲ್ಲ. ಬಿಗಿ ಸಾಕ್ಸ್ ಬೇಕೇ, ಔಷಧ ಬೇಕೇ ಎಂದು ಹೊರಡುವ ಎರಡು ಮೂರು ವಾರ ಮೊದಲೇ ಅವರ ಡಾಕ್ಟರನ್ನು ಕೇಳಿ, ಸುಮ್ನೆ ಅಂಗಡಿಯಿಂದ ತಂದು ಹಾಕಿಸಬೇಡಿ. ತಲುಪಿದ ಮೇಲೆ ಒಂದೇ ಕಾಲು ಊದಿ ನೋವು ಬಂದರೆ, ಅಥವಾ ಉಸಿರು ಕಟ್ಟಿದಂತಾದರೆ, ಆಯಾಸ ಇರಬೇಕು ಅಂತ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ನೇರ ವಿಮಾನವನ್ನೇ ಹಿಡಿಯುತ್ತಿದ್ದೆ. ಅಮ್ಮನಿಗೆ ನಡುದಾರಿಯ ಪಕ್ಕದ ಸೀಟು ಕೊಡಿಸಿ, ಕಿಟಕಿ ಬೇಡ. ಯಾರನ್ನೂ ಏಳಿಸದೆ ಎದ್ದು ನಡೆಯಲು ಆಗಬೇಕು. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ.

ದೂರದ ಆ 9,600 ಅನ್ನುವ ಅಂಕಿಯೂ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಬ್ರಿಟನ್‌ನಿಂದ ಹೊರಡುವ ವಿಮಾನ ಕಂಪನಿಯದೇ ತಪ್ಪಿನಿಂದ ನಾಲ್ಕು ಗಂಟೆಗಿಂತ ತಡವಾಗಿ ತಲುಪಿದರೆ, 3,500 ಕಿ.ಮೀ. ಮೀರಿದ ದೂರಕ್ಕೆ ತಲಾ 520 ಪೌಂಡ್ ಪರಿಹಾರ ಕೇಳುವ ಹಕ್ಕು ಇದೆ. ಅಲ್ಲಿ ದೂರ ಅಳೆಯುವುದು ಗ್ರೇಟ್ ಸರ್ಕಲ್ ಲೆಕ್ಕದಲ್ಲೇ, ವಿಮಾನ ಎಷ್ಟು ಸುತ್ತಿತು ಎಂದಲ್ಲ. ಹವೆ ಕೆಟ್ಟು ತಡವಾದರೆ ಈ ಹಣ ಸಿಗುವುದಿಲ್ಲ, ಊಟ ಮತ್ತು ತಂಗುವ ವ್ಯವಸ್ಥೆಯನ್ನು ಮಾತ್ರ ಕೇಳಬಹುದು.

ಹೊರಡುವ ಹಿಂದಿನ ದಿನ, ವಿಮಾನಗಳ ಹಾರಾಟ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ನಿಮ್ಮ ಅದೇ ಸಂಖ್ಯೆಯ ವಿಮಾನ ಕಳೆದ ಒಂದು ವಾರ ಯಾವ ದಾರಿ ಹಿಡಿಯಿತು, ಎಷ್ಟು ಹೊತ್ತು ಹಾರಿತು ಎಂದು ನೋಡಿ. ಏಳು ದಿನಕ್ಕೆ ಏಳು ಬೇರೆ ಅಂಕಿ ಕಾಣುತ್ತವೆ. ಅದರಲ್ಲಿ ಅತಿ ಉದ್ದದ್ದನ್ನು ತೆಗೆದುಕೊಂಡು, ಮನೆಯಿಂದ ನಿಲ್ದಾಣಕ್ಕೆ ಬೇಕಾದ ಹೊತ್ತು, ಅಲ್ಲಿ ಕಾಯುವ ಮೂರು ಗಂಟೆ, ಇಳಿದ ಮೇಲೆ ಅಕ್ಕನ ಮನೆ ಸೇರುವ ಹೊತ್ತು ಎಲ್ಲ ಕೂಡಿಸಿ. ಇಪ್ಪತ್ತು ಗಂಟೆಯ ಆಸುಪಾಸಿನಲ್ಲಿ ಬರುತ್ತದೆ. ಈ ಸಲ ಅಮ್ಮನಿಗೆ ಆ ಅಂಕಿ ಹೇಳಿ.